ತೊಳೆಯದ ಅನ್ನನಾಳದಲ್ಲಿ ಏನೂ ಕಾಣುವುದಿಲ್ಲ

ಅಕಲೇಸಿಯ ಇರುವವರ ಅನ್ನನಾಳದ ಕೆಳಬಾಯಿ ನುಂಗಿದಾಗ ಸಡಿಲವಾಗುವುದಿಲ್ಲ. ತುತ್ತು ಮೇಲೆಯೇ ನಿಂತು ಕೊಳೆಯುತ್ತದೆ, ಒಳಪದರ ವರ್ಷಗಟ್ಟಲೆ ಕೆರಳುತ್ತಲೇ ಇರುತ್ತದೆ. ಆ ಒಳಪದರದಲ್ಲಿ ಹುಟ್ಟುವ ಸ್ಕ್ವಾಮಸ್ ಕ್ಯಾನ್ಸರ್‌ನ ಅಪಾಯ ಇವರಿಗೆ ಹಲವು ಪಟ್ಟು ಹೆಚ್ಚುವುದು ಹೀಗೆ. ಕಾಯಿಲೆಗೆ 10 ವರ್ಷ ದಾಟಿದವರನ್ನು ರಾಯಚೂರಿನಲ್ಲಿ ನಾನು 3 ವರ್ಷಕ್ಕೊಮ್ಮೆ ಎಂಡೋಸ್ಕೋಪಿಗೆ ಕರೆಯುತ್ತೇನೆ; ಗುಟ್ಕಾ, ಬೀಡಿ, ಕುಡಿತ ಇದ್ದರೆ 2ಕ್ಕೇ. ಈ ಅಂತರದ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲ.

ಅರ್ಧ ಕೆಲಸ ಇರುವುದು ತೊಳೆಯುವುದರಲ್ಲಿ. ಒಂದು ರಾತ್ರಿಯ ಉಪವಾಸ ಇವರಿಗೆ ಸಾಲದು. ಎರಡು ದಿನ ಸೋಸಿದ ತಿಳಿಗಂಜಿ, ಮಜ್ಜಿಗೆ, ಎಳನೀರು. ಕೊನೆಯ 12 ತಾಸು ಅದೂ ಇಲ್ಲ. "ಗಂಜಿ ಅಂದ್ರ ತಿಳಿ ಅಷ್ಟರೀ, ಅಗಳು ಬ್ಯಾಡ" ಎಂದು ಮನೆಯವರಿಗೂ ಹೇಳಬೇಕು. ಇಷ್ಟಾದರೂ ರೊಟ್ಟಿಯ ಚೂರು, ಮೆಣಸಿನಕಾಯಿ ಬೀಜ ತಳದಲ್ಲಿ ಕೂತಿರುತ್ತವೆ. ನಾಳ ಬಹಳ ಹಿಗ್ಗಿದ್ದರೆ ದಪ್ಪ ಟ್ಯೂಬ್ ಇಳಿಸಿ, ತಿಳಿನೀರು ಬರುವ ತನಕ ತೊಳೆಯುತ್ತೇನೆ. ಹೀರಿ ತೆಗೆಯುವ ಮೊದಲೇ ನಿದ್ರೆಯ ಚುಚ್ಚುಮದ್ದು ಕೊಟ್ಟರೆ ಆ ಕೊಳೆ ಶ್ವಾಸಕೋಶಕ್ಕೆ ಹೋಗುತ್ತದೆ. ತುಂಬಾ ಇದ್ದರೆ ಅರಿವಳಿಕೆ ವೈದ್ಯರು ಶ್ವಾಸನಾಳಕ್ಕೆ ಟ್ಯೂಬ್ ಹಾಕಿದ ಮೇಲೆಯೇ ಮುಂದಿನ ಮಾತು. ಬಿಳಿ ಬೂಷ್ಟಿನಂತೆ ಕ್ಯಾಂಡಿಡಾ ಎಂಬ ಶಿಲೀಂಧ್ರ ಹಬ್ಬಿದ್ದರೆ ಅವತ್ತು ಮುಂದುವರಿಸಿ ಫಲವಿಲ್ಲ. ಅದಕ್ಕೆ ಮಾತ್ರೆ ಕೊಟ್ಟು, ವಾಸಿಯಾದ ಮೇಲೆ ಮತ್ತೆ ಕರೆಯುತ್ತೇನೆ.

ಅಯೋಡಿನ್ ಅಲರ್ಜಿ, ಥೈರಾಯ್ಡ್ ಕೇಳಿಕೊಂಡು 1.5% ಲ್ಯೂಗಾಲ್ ದ್ರಾವಣ (ಕೆಟ್ಟ ಜಾಗ ಎದ್ದು ಕಾಣಿಸುವ ಅಯೋಡಿನ್ ಬಣ್ಣ) 20 ಮಿ.ಲೀ.ನಷ್ಟನ್ನು ಕೆಳಗಿನಿಂದ ಮೇಲಕ್ಕೆ ಸಿಂಪಡಿಸುತ್ತೇನೆ, ಗಂಟಲಿನ ಹತ್ತಿರ ಬರುವ ಮುಂಚೆಯೇ ನಿಲ್ಲಿಸುತ್ತೇನೆ. ಆರೋಗ್ಯದ ಪದರದಲ್ಲಿ ಗ್ಲೈಕೋಜನ್ (ಕೂಡಿಟ್ಟ ಸಕ್ಕರೆಯ ರೂಪ) ಇರುವುದರಿಂದ ಅದು ಗಾಢ ಕಂದು ಬಣ್ಣಕ್ಕೆ ತಿರುಗುತ್ತದೆ. ಕೆಟ್ಟ ಜಾಗ ಬಣ್ಣ ಹಿಡಿಯದೆ ತೇಪೆಯಂತೆ ಉಳಿಯುತ್ತದೆ. ಉರಿಯೂತವೂ ಹಾಗೇ ಕಾಣುವುದು ಇಲ್ಲಿಯ ಮೋಸ. ಹಾಗಾಗಿ 2–3 ನಿಮಿಷ ಕಾಯಬೇಕು: ತೇಪೆ ಗುಲಾಬಿಗೆ ತಿರುಗಿದರೆ ಬಯಾಪ್ಸಿಗೆ, ಅಂದರೆ ಪರೀಕ್ಷೆಗೆ ಚೂರು ತೆಗೆಯಲು, ಅದೇ ಮೊದಲು. ಪ್ರತಿ ಚೂರೂ ಬೇರೆ ಬಾಟಲಿಗೆ, ಮೇಲೆ ಬಾಚಿಹಲ್ಲಿನಿಂದ ಎಷ್ಟು ಸೆಂ.ಮೀ. ಎಂದು ಬರೆದು. ಕೊನೆಗೆ ಅಯೋಡಿನ್‌ನ ಉರಿ ತಗ್ಗಿಸುವ 5% ಸೋಡಿಯಂ ಥಯೋಸಲ್ಫೇಟ್ ಸಿಂಪಡಿಸಿ ಹೊಟ್ಟೆಯಲ್ಲಿ ನಿಂತ ಅಯೋಡಿನ್ ಹೀರದಿದ್ದರೆ ಎದೆಯುರಿ ಬರಬಹುದು.

ಬಿಗಿದ ಕೆಳಬಾಯಿಗೆ ಬಲೂನ್ (ಹಿಗ್ಗಿಸುವುದು), ಮಯಾಟಮಿ (ಸ್ನಾಯು ಸೀಳುವ ಶಸ್ತ್ರಚಿಕಿತ್ಸೆ), ಪೋಯಂ (ಅದನ್ನೇ ಎಂಡೋಸ್ಕೋಪಿಯಿಂದ ಮಾಡುವುದು) ಆದವರು "ಈಗ ರೊಟ್ಟಿ ಇಳೀತದರೀ" ಎಂದು ಬರುವುದನ್ನೇ ಬಿಡುತ್ತಾರೆ. ದಾರಿ ಬಿಟ್ಟಿತೆಂದು ಅಪಾಯ ಹೋಗುವುದಿಲ್ಲ; ಮೇಲೆ ಆಸಿಡ್ ಬೇರೆ ಹಿಂದಕ್ಕೆ ಬರತೊಡಗುತ್ತದೆ. ಚಿಕಿತ್ಸೆಯಾಗದವರದು ಇನ್ನೊಂದು ತೊಡಕು: ಹಿಗ್ಗಿದ ನಾಳದಲ್ಲಿ ಗೆಡ್ಡೆ ದೊಡ್ಡದಾಗುವವರೆಗೂ ಅಡ್ಡಿ ಹೆಚ್ಚಿದ್ದು ತಿಳಿಯುವುದಿಲ್ಲ. ನುಂಗಲು ಆಗುತ್ತದೆಯೇ ಎಂದು ಕೇಳಿದರೆ ಹಳೇ ಉತ್ತರವೇ ಸಿಗುತ್ತದೆ. ನಾನು ತೂಕ ನೋಡುತ್ತೇನೆ, ಹೋದ ಸಲದ ಚೀಟಿಯ ಪಕ್ಕದಲ್ಲೇ ಬರೆಯುತ್ತೇನೆ.