ಹದಿಹರೆಯದವರ ಒಸಡಿನ ಊತ: ಮನೆಮದ್ದು ಎಲ್ಲಿಯವರೆಗೆ?

ಹನ್ನೆರಡು ದಾಟಿದ ಮಕ್ಕಳಿಗೆ ಹಲ್ಲುಜ್ಜುವಾಗ ರಕ್ತ ಕಂಡರೆ ಆ ಜಾಗ ಬಿಟ್ಟು ಉಜ್ಜತೊಡಗುತ್ತಾರೆ. ಕೆಡುವುದು ಅಲ್ಲೇ. ಈ ವಯಸ್ಸಿನ ಹಾರ್ಮೋನುಗಳ ದೆಸೆಯಿಂದ ಒಸಡು ಸ್ವಲ್ಪ ಪಾಚಿಗೂ (ಹಲ್ಲಿಗಂಟುವ ಮೆತ್ತನೆಯ ಪೊರೆ) ಕೆರಳಿ ಊದುತ್ತದೆ. ಉಜ್ಜದೆ ಬಿಟ್ಟಲ್ಲಿ ಪಾಚಿ ಇನ್ನಷ್ಟು ಕಟ್ಟುತ್ತದೆ. ಹಾಗಾಗಿ ನಾನು ಮನೆಮದ್ದನ್ನು ಬಳಸುವುದು ನೋವು ತಗ್ಗಿಸಿ, ಬ್ರಷ್ ಅಲ್ಲಿಗೆ ಮುಟ್ಟುವಂತೆ ಮಾಡುವುದಕ್ಕೆ ಮಾತ್ರ. ಪಾಚಿ ಕೀಳುವುದು ಬ್ರಷ್ಷೇ.

ಮೊದಲು ಉಪ್ಪುನೀರು. ಒಂದು ಲೋಟ (ಸುಮಾರು 200 ಮಿ.ಲೀ.) ಉಗುರುಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಉಪ್ಪು ಪೂರ್ತಿ ಕರಗಬೇಕು. ಪ್ರತಿ ಗುಟುಕನ್ನೂ ಅರ್ಧ ನಿಮಿಷ ಬಾಯಲ್ಲಾಡಿಸಿ ಉಗುಳಿ, ಆಮೇಲೆ ಬ್ರಷ್ ಹಿಡಿಯುವುದು. ಹರಳುಪ್ಪನ್ನು ಒಸಡಿಗೆ ನೇರವಾಗಿ ತಿಕ್ಕುವವರಿದ್ದಾರೆ. ಊದಿದ ಒಸಡು ಅದರಿಂದ ಗೀರಿಹೋಗುತ್ತದೆ.

ಬ್ರಷ್ ಮೆದು ಎಳೆಯದೇ ಆಗಬೇಕು. ಹಲ್ಲು–ಒಸಡು ಸೇರುವ ಗೆರೆಗೆ 45 ಡಿಗ್ರಿ ಓರೆಯಾಗಿ ಹಿಡಿದು, ಒತ್ತದೆ, ಸಣ್ಣ ಸಣ್ಣ ಸುತ್ತು. ದಿನಕ್ಕೆರಡು ಸಲ, ಪ್ರತಿ ಸಲ ಎರಡು ನಿಮಿಷ. ಕೆಳಗಿನ ಮುಂದಿನ ಹಲ್ಲುಗಳ ಒಳಬದಿಯನ್ನು ಮಕ್ಕಳು ಸಾಮಾನ್ಯವಾಗಿ ಮರೆಯುತ್ತಾರೆ, ಕಿಟ್ಟ (ಕಲ್ಲಿನಂತೆ ಗಟ್ಟಿಯಾದ ಪಾಚಿ) ಬೇಗ ಕಟ್ಟುವುದೂ ಅಲ್ಲೇ. ಕ್ಲಿಪ್ ಹಾಕಿಸಿದ್ದರೆ ತಂತಿಯಡಿಗೆ ತೂರುವ ಪುಟ್ಟ ಬ್ರಷ್ ಬೇಕೇ ಬೇಕು.

ಒಸಡು ಮೆತ್ತಗೆ ಊದಿದ್ದರೆ ಸೀಬೆಯ ಐದಾರು ಎಳೆಯ ಎಲೆಗಳನ್ನು ಎರಡು ಲೋಟ ನೀರಲ್ಲಿ ಒಂದು ಲೋಟಕ್ಕಿಳಿಯುವವರೆಗೆ ಕುದಿಸಿ, ಸೋಸಿ, ಆರಿಸಿ ಬಾಯಿ ಮುಕ್ಕಳಿಸಬಹುದು. ಎಲೆಯ ಒಗರು ಹಿತವೆನಿಸುತ್ತದೆ. ಮರುದಿನಕ್ಕೆ ಇಡಬೇಡಿ. ಅರಿಸಿನವೂ ಆದೀತು, ಆದರೆ ಕ್ಲಿಪ್ಪಿನ ರಬ್ಬರ್ ಹಳದಿಯಾಯಿತೆಂದು ಹುಡುಗರು ಸಿಟ್ಟಾಗುತ್ತಾರೆ. ಎಳ್ಳೆಣ್ಣೆ ಮುಕ್ಕಳಿಸುವುದಾದರೆ ಬೆಳಿಗ್ಗೆ ಎರಡು ಟೀ ಚಮಚ, ಹತ್ತು ನಿಮಿಷ. ನುಂಗದೆ ಕಾಗದಕ್ಕೆ ಉಗುಳಿ, ಸಿಂಕಿಗಲ್ಲ. ಅದಾದ ಮೇಲೂ ಹಲ್ಲುಜ್ಜಲೇಬೇಕು.

ಲವಂಗದೆಣ್ಣೆಯನ್ನು ಹಾಗೇ ಹಚ್ಚಿದರೆ ಒಸಡು ಸುಡುತ್ತದೆ. ಇದ್ದಿಲು, ಬೂದಿ, ಇಟ್ಟಿಗೆಪುಡಿ ಹಲ್ಲನ್ನು ಸವೆಸುತ್ತವೆ. ನಿಂಬೆರಸ ಹಲ್ಲಿನ ಗಟ್ಟಿ ಹೊರಪದರವನ್ನೇ ಕರಗಿಸುತ್ತದೆ.

ಡೆನ್ಮಾರ್ಕಿನಲ್ಲಿ 1965ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಆರೋಗ್ಯವಂತರು ಹಲ್ಲುಜ್ಜುವುದನ್ನು ಬಿಟ್ಟಾಗ 10ರಿಂದ 21 ದಿನಗಳಲ್ಲಿ ಒಸಡು ಊದಿತು, ಮತ್ತೆ ಉಜ್ಜತೊಡಗಿದಾಗ ಸರಿಹೋಯಿತು. ಆದ್ದರಿಂದ ಮೊದಲ ಮೂರ್ನಾಲ್ಕು ದಿನ ರಕ್ತ ಬಂದರೆ ನಾನು ನಿಲ್ಲಿಸಲು ಹೇಳುವುದಿಲ್ಲ. ಎರಡು ವಾರವಾದರೂ ತಗ್ಗದಿದ್ದರೆ ಕಿಟ್ಟ ಕಟ್ಟಿದೆಯೆಂದೇ ಅನುಮಾನ. ಅದು ಯಾವ ಕಷಾಯಕ್ಕೂ ಜಗ್ಗದು, ದಂತವೈದ್ಯರಲ್ಲಿ ಸ್ಕೇಲಿಂಗ್ (ಉಪಕರಣದಿಂದ ಕಿಟ್ಟ ತೆಗೆಯುವುದು) ಮಾಡಿಸಬೇಕು.

ಕೀವು, ಜ್ವರ, ಅಲುಗಾಡುವ ಹಲ್ಲು, ಉಜ್ಜದಿದ್ದರೂ ಒಸರುವ ರಕ್ತ, ಮೈಮೇಲೆ ಕಾರಣವಿಲ್ಲದ ನೀಲಿಗಟ್ಟು ಕಂಡರೆ ಎರಡು ವಾರ ಕಾಯುವಂತಿಲ್ಲ, ಅಂದೇ ವೈದ್ಯರಿಗೆ ತೋರಿಸಬೇಕು. ಫಿಟ್ಸ್‌ಗೆ ಫೆನಿಟಾಯಿನ್ ತೆಗೆದುಕೊಳ್ಳುವ ಮಕ್ಕಳಲ್ಲಿ ಒಸಡು ಹಲ್ಲಿನ ಮೇಲೆ ಬೆಳೆದು ಬರುವುದುಂಟು. ಹಾಗೆಂದು ಮಾತ್ರೆಯನ್ನು ಮನೆಯವರೇ ನಿಲ್ಲಿಸಬಾರದು. ಬರೆದುಕೊಟ್ಟ ವೈದ್ಯರಿಗೆ ಒಸಡು ತೋರಿಸಿ ಕೇಳಬೇಕು.