‘ಹೂ! ಹಾ!’ಗೆ ಜಾಗ ಬಿಡಿ

ರಸಮಂಜರಿ ಕಾರ್ಯಕ್ರಮಗಳಲ್ಲಿ ಕೀಬೋರ್ಡ್ ನುಡಿಸುವವನು ನಾನು. ನಮ್ಮ ಪಟ್ಟಿಯಲ್ಲಿ ಎರಡು ಗಣೇಶನ ಹಬ್ಬ ದಾಟಿ ಉಳಿಯುವ ಹಾಡೇ ಕಡಿಮೆ. 1974ರ ‘ಕುಂಗ್ ಫೂ ಫೈಟಿಂಗ್’ ಮಾತ್ರ ಕದಲಿಲ್ಲ. ಕೊಡಗಿನ ಮದುವೆಗಳಲ್ಲಂತೂ ಇದಕ್ಕೆ ಚೀಟಿ ಬಂದೇ ಬರುತ್ತದೆ. ಹಾಡಿದವರು ಜಮೈಕಾ ಮೂಲದ ಕಾರ್ಲ್ ಡಗ್ಲಸ್ ಆದರೂ, ನಿರ್ಮಿಸಿದವರು ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ಕೊಡವರು, ಬಿದ್ದು ಅಪ್ಪಯ್ಯ. ‘ನಮ್ಮ ಬಿದ್ದು ಹಾಡು ಹೊಡೀರಿ’ ಅಂತಲೇ ಕೇಳುತ್ತಾರೆ.

ಹಾಡು ಹುಟ್ಟಿದ್ದೇ ಗಡಿಬಿಡಿಯಲ್ಲಿ. ತಟ್ಟೆಯ ಮುಖ್ಯ ಬದಿಯಾದ ಎ ಸೈಡಿಗೆ ಬೇರೊಂದು ಹಾಡು ರೆಕಾರ್ಡ್ ಮಾಡಿ, ಉಳಿದ ಹತ್ತು ನಿಮಿಷದಲ್ಲಿ ಹಿಂಬದಿಯ ಬಿ ಸೈಡಿಗೆಂದು ಇದನ್ನು ಮುಗಿಸಿದರಂತೆ. ಕಂಪನಿಯವರು ಕೇಳಿ, ಇದೇ ಎ ಸೈಡಾಗಲಿ ಎಂದರು. ಅದೇ ವರ್ಷ ಬ್ರಿಟನ್, ಅಮೆರಿಕ ಎರಡೂ ಕಡೆ ಮೊದಲ ಸ್ಥಾನಕ್ಕೇರಿತು.

ನುಡಿಸಲು ಕಷ್ಟವೇನಿಲ್ಲ. ಎಲ್ಲರಿಗೂ ನೆನಪಿರುವ ಆ ‘ಚೀನೀ’ ಬಿಟ್ ಮೂರೇ ಸ್ವರದ್ದು: ಸಸಸಸ ನಿನಿ ಪಪ ನಿ. ಶುದ್ಧ ಧನ್ಯಾಸಿ ರಾಗ ಕಲಿತವರ ಬೆರಳು ತಾನಾಗಿ ಓಡುತ್ತದೆ. (ಚೀನಾದ ಸಂಗೀತಕ್ಕೂ ಇದಕ್ಕೂ ನಂಟು ಅಷ್ಟಕ್ಕಷ್ಟೇ. ‘ಪೂರ್ವ ದೇಶ’ ಬಂತು ಅಂತ ತೋರಿಸಲು ಪಾಶ್ಚಾತ್ಯರು ಹಿಂದಿನಿಂದ ಬಳಸಿಕೊಂಡು ಬಂದ ಸರಕು.) ನಾನು ಕೊಳಲಿನ ಟೋನ್ ಮೇಲಿಟ್ಟು, ಒಂದು ಆಕ್ಟೇವ್ ಕೆಳಗೆ ಸ್ಟ್ರಿಂಗ್ಸ್ ಸೇರಿಸುತ್ತೇನೆ. ಸ್ಟ್ರಿಂಗ್ಸ್ ಟೋನ್ ಏಳುವುದೇ ನಿಧಾನ. ಅಟ್ಯಾಕ್ (ದನಿ ಏಳುವ ಸಮಯ), ರಿಲೀಸ್ (ದನಿ ಆರುವ ಸಮಯ) ಎರಡನ್ನೂ ಚೆನ್ನಾಗಿ ಇಳಿಸದಿದ್ದರೆ ನಾಲ್ಕು ‘ಸ’ಗಳೂ ಕಲಸಿ ಮುದ್ದೆಯಾಗುತ್ತವೆ.

ಆದರೆ ಹಾಡಿನ ಜೀವ ಇರುವುದು ಸಾಲಿನ ಕೊನೆಗೆ ಬರುವ ‘ಹೂ! ಹಾ!’ ಕೂಗಿನಲ್ಲಿ. ರಿದಮ್ ಪ್ಯಾಡ್ ಹುಡುಗರಿಗೆ ಸಾಲು ಮುಗಿದ ಕಡೆಯೆಲ್ಲ ಕೈ ತುರಿಸುತ್ತದೆ, ಒಂದು ರೋಲ್ ಹಾಕಿಯೇ ಸಿದ್ಧ. ಇಲ್ಲಿ ಮಾತ್ರ ಬೇಡವೇ ಬೇಡ ಎಂದು ಮೊದಲೇ ಹೇಳಿಬಿಡುತ್ತೇನೆ. ಬಾಸ್, ಹೈಹ್ಯಾಟ್ ಸಾಕು. ನಾನೂ ಜನಕ್ಕೆ ಕಾಣುವಂತೆ ಎರಡೂ ಕೈ ಎತ್ತುತ್ತೇನೆ, ಗಾಯಕ ಮೈಕನ್ನು ಅವರತ್ತ ಚಾಚುತ್ತಾನೆ. ಮೊದಲ ಸಲ ಮುಂದೆ ನಿಂತ ಮಕ್ಕಳಷ್ಟೇ ಕೂಗುತ್ತಾರೆ. ಎರಡನೆಯದಕ್ಕೆ ಹಿಂದಿನ ಕುರ್ಚಿಯ ಮಾವಂದಿರೂ ಗಾಳಿಯಲ್ಲಿ ಕೈ ಬೀಸುತ್ತಾರೆ. ಇಂಗ್ಲಿಷ್ ಬರಬೇಕಿಲ್ಲ, ಕುಣಿತವೂ ಬರಬೇಕಿಲ್ಲ. ಐವತ್ತು ವರ್ಷ ಕಳೆದರೂ ಹಾಡು ನಿಂತಿರುವುದು ಇದರಿಂದಲೇ ಅಂತ ನನ್ನ ಲೆಕ್ಕ. ಬರೀ ಡಿಸ್ಕೋ ಬೀಟೇ ಸಾಕಿದ್ದರೆ ಆ ಕಾಲದ ಉಳಿದ ನೂರಾರು ಹಾಡುಗಳನ್ನು ಯಾಕೆ ಯಾರೂ ಕೇಳುವುದಿಲ್ಲ?

ಕೆಲವರು ಈಗಿನ ಕಾಲಕ್ಕೆ ತಕ್ಕಂತೆ ಸ್ಪೀಡ್ ಏರಿಸುತ್ತಾರೆ. ನನಗದು ಹಿಡಿಸದು. ಜನ ಉಸಿರು ಎಳೆದುಕೊಳ್ಳುವಷ್ಟರಲ್ಲಿ ಮುಂದಿನ ಸಾಲು ಬಂದಿರುತ್ತದೆ. ಮೂಲದ ನಡೆಯಲ್ಲೇ ಮುಗಿಸಿ, ಬೀಟ್ ನಿಲ್ಲಿಸದೆ ‘ಆಪ್ ಜೈಸಾ ಕೋಯಿ’ಗೆ ದಾಟಿ. ಅದೂ ಬಿದ್ದು ಅವರದೇ, 1980ರದು. ಹೆಣ್ಣು ದನಿಯ ಹಾಡಾದ್ದರಿಂದ, ಕೂಗಿ ಕೂಗಿ ಗಂಟಲು ಒಣಗಿದ ಗಾಯಕನಿಗೆ ನೀರು ಕುಡಿಯಲೂ ಪುರಸೊತ್ತು ಸಿಗುತ್ತದೆ.