ಚಾವಣಿ ಬದಲಿಸಬೇಕಿಲ್ಲ, ತಣ್ಣಗಾಗಿಸಿದರೆ ಸಾಕು

ಮಧ್ಯಾಹ್ನದ ಸೆಕೆಗೆ ಕಿಟಕಿಯನ್ನು ದೂರುವವರೇ ಜಾಸ್ತಿ. ಆದರೆ ಒಂದೇ ಅಂತಸ್ತಿನ ಮನೆಯಲ್ಲಿ, ಅಥವಾ ಎಲ್ಲಕ್ಕಿಂತ ಮೇಲಿನ ಮಹಡಿಯಲ್ಲಿ, ಸೆಕೆ ಹೆಚ್ಚಾಗಿ ಇಳಿಯುವುದು ತಲೆಯ ಮೇಲಿಂದ. ಗೋಡೆಗೆ ಒಂದು ಹೊತ್ತು ಬಿಸಿಲು ಬಿದ್ದರೆ ಇನ್ನೊಂದು ಹೊತ್ತು ನೆರಳು ಸಿಗುತ್ತದೆ. ಚಾವಣಿಗೆ ಆ ಪುಣ್ಯ ಇಲ್ಲ. ಬೆಳಿಗ್ಗೆಯಿಂದ ಸಂಜೆವರೆಗೂ ಕಾಯುತ್ತಲೇ ಇರುತ್ತದೆ.

ಪರಿಸರಸ್ನೇಹಿ ಚಾವಣಿ ಎಂದ ಕೂಡಲೇ ಸೋಲಾರ್ ಫಲಕ, ತಾರಸಿ ತೋಟ ಕಣ್ಣಮುಂದೆ ಬರುತ್ತವೆ, ಅಲ್ವಾ? ಅವು ಕೊನೆಗೆ ಬರಲಿ. ಹೊಸ ಸಿಮೆಂಟು, ಹೊಸ ತಗಡು ತಯಾರಾಗಲು ಬಹಳಷ್ಟು ಇಂಧನ ಉರಿಯಬೇಕು. ಇರುವ ಚಾವಣಿಯನ್ನೇ ಇನ್ನಷ್ಟು ವರ್ಷ ಬಾಳಿಸಿದರೆ ಆ ಇಂಧನವೂ ಉಳಿಯಿತು, ದುಡ್ಡೂ ಉಳಿಯಿತು. ಇದಕ್ಕೊಂದು ಕ್ರಮ ಇದೆ. ಮೊದಲು ನೀರು, ಆಮೇಲೆ ಬಿಸಿಲು, ಮಿಕ್ಕಿದ್ದೆಲ್ಲ ನಂತರ. ಕ್ರಮ ತಪ್ಪಿದರೆ ಮಾಡಿದ್ದನ್ನೇ ಕಿತ್ತು ಮತ್ತೆ ಮಾಡಬೇಕಾಗುತ್ತದೆ.

ಮೊದಲು ಸೋರಿಕೆ ನಿಲ್ಲಲಿ

ತಾರಸಿ ಗುಡಿಸಿ, ಪಾಚಿ ಉಜ್ಜಿ, ನೀರು ಹೋಗುವ ತೂತುಗಳಲ್ಲಿ ಸೇರಿಕೊಂಡ ಎಲೆ, ಕಸ ತೆಗೆಯಿರಿ. ಎಷ್ಟೋ ಸೋರಿಕೆಗೆ ಕಾರಣ ಇದೇ ಕಸ. ಆಮೇಲೆ ನಾಲ್ಕು ಬಕೆಟ್ ನೀರು ಸುರಿದು ಎಲ್ಲಿ ನಿಲ್ಲುತ್ತದೆ ನೋಡಿ. ಅಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ. ಒಂದು ಮೀಟರ್ ಉದ್ದಕ್ಕೆ ಸುಮಾರು ಒಂದು ಸೆಂಟಿಮೀಟರ್ ಇಳಿಜಾರು ಇದ್ದರೆ ನೀರು ತಾನಾಗಿ ಹರಿದುಹೋಗುತ್ತದೆ.

ಕೂದಲೆಳೆಯಂಥ ಬಿರುಕಿಗೆ ವಾಟರ್‌ಪ್ರೂಫ್ ಕೋಟಿಂಗ್ ಸಾಕು. ಅಗಲವಾದ ಬಿರುಕನ್ನು ಉಳಿಯಿಂದ 'ವಿ' ಆಕಾರಕ್ಕೆ ಕೆತ್ತಿ, ಧೂಳು ತೆಗೆದು, ಕ್ರ್ಯಾಕ್ ಫಿಲ್ಲರ್ ತುಂಬಬೇಕು. ಸುಮ್ನೆ ಸಿಮೆಂಟ್ ನೀರು ಸುರಿದು ಮುಗಿಸುವವರಿದ್ದಾರೆ. ಅದು ನಿಲ್ಲುವುದಿಲ್ಲ. ಚಾವಣಿ ಹಗಲು ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ, ಗಡುಸಾದ ಸಿಮೆಂಟ್ ಮತ್ತೆ ಬಾಯಿ ಬಿಡುತ್ತದೆ. ಪ್ಯಾರಾಪೆಟ್ ಗೋಡೆ ತಾರಸಿಗೆ ಸೇರುವ ಮೂಲೆ, ಪೈಪು ಹೊರಬರುವ ಜಾಗ ಇವೆರಡನ್ನು ಹತ್ತಿರದಿಂದ ನೋಡಿ. ಅಲ್ಲಿ ಫೈಬರ್ ಮೆಶ್ ಪಟ್ಟಿ ಇಟ್ಟು, ಅದರ ಮೇಲೆ ಕೋಟಿಂಗ್ ಹಚ್ಚಿ. ಕಬ್ಬಿಣದ ಸರಳು ತುಕ್ಕು ಹಿಡಿದು ಹೊರಗೆ ಕಾಣುತ್ತಿದ್ದರೆ ಮಾತ್ರ ನೀವೇ ಕೈ ಹಾಕಬೇಡಿ, ಎಂಜಿನಿಯರ್‌ಗೆ ತೋರಿಸಿ.

ಈಗ ಬಿಳಿ ಬಣ್ಣ

ಹಾಕಿದ ದುಡ್ಡಿಗೆ ಇದರಷ್ಟು ಫಲ ಕೊಡುವ ಕೆಲಸ ಇನ್ನೊಂದಿಲ್ಲ. ಅಮೆರಿಕದ ಇಂಧನ ಇಲಾಖೆಯ ಲೆಕ್ಕದಂತೆ ಸಾಮಾನ್ಯ ಚಾವಣಿ ಬಿರುಬಿಸಿಲಲ್ಲಿ 65 ಡಿಗ್ರಿ ಸೆಲ್ಸಿಯಸ್ ದಾಟಬಹುದು. ಬಿಸಿಲನ್ನು ವಾಪಸ್ ಕಳಿಸುವ ಚಾವಣಿ ಅದೇ ಹೊತ್ತಿಗೆ ಅದಕ್ಕಿಂತ 28 ಡಿಗ್ರಿಯಷ್ಟು ಕಡಿಮೆ ಬಿಸಿಯಿರಬಹುದು. ಇದು ಚಾವಣಿಯ ಮೇಲ್ಮೈಯ ಲೆಕ್ಕ. ಕೋಣೆಯೊಳಗೆ ಇಳಿಯುವುದು ಕೆಲವೇ ಡಿಗ್ರಿ. ಅಷ್ಟಾದರೂ ರಾತ್ರಿ ನಿದ್ದೆಯಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ.

ಎಲ್ಲಕ್ಕಿಂತ ಅಗ್ಗ ಸುಣ್ಣ. ಅರಳಿಸಿದ ಸುಣ್ಣವನ್ನು ನೀರಿನಲ್ಲಿ ಕದಡಿ, ಸೋಸಿ, ಸ್ವಲ್ಪ ಅಂಟು ಬೆರೆಸಿ ಹಾಲಿನ ಹದಕ್ಕೆ ತಂದುಕೊಳ್ಳಿ. ಹಚ್ಚುವ ಮೊದಲು ತಾರಸಿಯನ್ನು ಸ್ವಲ್ಪ ಒದ್ದೆ ಮಾಡಿ. ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುತ್ತದೆ, ಹಾಗಾಗಿ ಬಿಸಿಲೇರುವ ಮುಂಚೆ ಬಳಿಯುವುದು ಒಳ್ಳೆಯದು. ಕೈಗವಸು, ಕನ್ನಡಕ ಮರೆಯಬೇಡಿ. ಸುಣ್ಣ ಕಣ್ಣಿಗೆ ಬಿದ್ದರೆ ಆಟವಲ್ಲ. ಇದರ ದೌರ್ಬಲ್ಯ ಮಳೆ. ಹೆಚ್ಚು ಕಡಿಮೆ ಪ್ರತಿ ವರ್ಷ ಮತ್ತೆ ಬಳಿಯಬೇಕು.

ಪ್ರತಿ ವರ್ಷದ ಈ ಕೆಲಸ ಬೇಡ ಎನ್ನುವವರು ನೀರು ಬೆರೆಸುವ ಅಕ್ರಿಲಿಕ್ ಕೂಲ್ ರೂಫ್ ಬಣ್ಣ ಕೊಳ್ಳಬಹುದು. ಡಬ್ಬಿಯ ಮೇಲೆ ಎಸ್‌ಆರ್‌ಐ ಎಂಬ ಸಂಖ್ಯೆ ಹುಡುಕಿ. ಬಣ್ಣ ಬಿಸಿಲಿಗೆ ಎಷ್ಟು ತಣ್ಣಗಿರುತ್ತದೆ ಎಂಬುದನ್ನು ಮಾದರಿ ಕಪ್ಪಿಗೆ 0, ಮಾದರಿ ಬಿಳಿಗೆ 100 ಎಂದು ಅಳೆಯುವ ಸೂಚ್ಯಂಕ ಅದು. ಜಾಸ್ತಿ ಇದ್ದಷ್ಟೂ ಒಳ್ಳೆಯದು. ಸುಣ್ಣದಂತಲ್ಲ, ಇದಕ್ಕೆ ತಾರಸಿ ಪೂರ್ತಿ ಒಣಗಿರಬೇಕು. ಮೊದಲು ಪ್ರೈಮರ್, ಆಮೇಲೆ ಎರಡು ಕೋಟ್. ಮೊದಲನೆಯದು ಉದ್ದಕ್ಕೆ ಹಚ್ಚಿದರೆ ಎರಡನೆಯದು ಅಡ್ಡಕ್ಕೆ. ಬಿಟ್ಟುಹೋದ ಜಾಗ ಹೀಗೆ ತುಂಬಿಕೊಳ್ಳುತ್ತದೆ. ಒದ್ದೆಯಾದಾಗ ಜಾರಬಹುದು, ಓಡಾಡುವ ದಾರಿಯಲ್ಲಿ ಎರಡನೇ ಕೋಟಿಗೆ ಸ್ವಲ್ಪ ಮರಳು ಉದುರಿಸಿ. ಧೂಳು ಕೂತಂತೆ ಬಿಳಿಯ ಗುಣ ಕುಗ್ಗುತ್ತದೆ. ಆಗಾಗ ತೊಳೆದರೆ ಬಹುಪಾಲು ವಾಪಸ್ ಬರುತ್ತದೆ.

ಹೊಳೆಯುವ ತಗಡಿಗೂ ಬಣ್ಣ ಬೇಕಾ ಎಂದು ಕೇಳಬಹುದು. ಬೇಕು. ಬರೀ ಲೋಹ ಬಿಸಿಲನ್ನು ತಿರುಗಿಸಿದರೂ, ಹೀರಿಕೊಂಡ ಬಿಸಿಯನ್ನು ಸುಲಭವಾಗಿ ಹೊರಗೆ ಬಿಡುವುದಿಲ್ಲ. ಬಿಳಿ ಬಣ್ಣ ಎರಡೂ ಕೆಲಸ ಮಾಡುತ್ತದೆ. ಹಳೆಯ ಆಸ್‌ಬೆಸ್ಟಾಸ್ ಶೀಟಾದರೆ ಉಜ್ಜುವುದು, ಕೊರೆಯುವುದು, ರಭಸದ ನೀರಲ್ಲಿ ತೊಳೆಯುವುದು ಬೇಡವೇ ಬೇಡ. ಅದರ ಎಳೆಗಳು ಶ್ವಾಸಕೋಶಕ್ಕೆ ಅಪಾಯ.

ವರ್ಷದ ಹೆಚ್ಚು ದಿನ ಚಳಿಯಿರುವ ಊರಿನವರು ಬಿಳಿ ಬಣ್ಣ ಬಿಟ್ಟು, ಶಾಖ ತಡೆಯುವ ಇನ್ಸುಲೇಷನ್‌ಗೆ ದುಡ್ಡು ಹಾಕುವುದು ಸರಿ.

ನೆರಳು, ಗಾಳಿ

ಬಣ್ಣಕ್ಕೂ ಬಗ್ಗದ ಸೆಕೆಗೆ ಶೇಡ್ ನೆಟ್ ಕಟ್ಟಬಹುದು. ಆದರೆ ತಾರಸಿಗೆ ಅಂಟಿಕೊಂಡಂತೆ ಹಾಸಬೇಡಿ. ನಡುವೆ ಗಾಳಿಯಾಡಬೇಕು. ತಗಡಿನ ಕೆಳಗೆ ಹಾಕುವ ಹೊಳೆಯುವ ಅಲ್ಯೂಮಿನಿಯಂ ಹಾಳೆಗೂ ಇದೇ ಮಾತು. ಹೊಳೆಯುವ ಬದಿಯ ಮುಂದೆ ಖಾಲಿ ಸಂದು ಇಲ್ಲದಿದ್ದರೆ ಅದು ಬರೀ ಅಲಂಕಾರ. ಇಳಿಜಾರು ಚಾವಣಿಯಲ್ಲಿ ತುದಿಯ ಹತ್ತಿರ ಒಂದು ಕಿಂಡಿ, ಕೆಳಗೆ ಒಂದು ಕಿಂಡಿ ಇಟ್ಟರೆ ಬಿಸಿಗಾಳಿ ತಾನೇ ಮೇಲೇರಿ ಹೊರಗೆ ಹೋಗುತ್ತದೆ. ವಿದ್ಯುತ್ ಬೇಕಿಲ್ಲ.

ಬಿದ್ದ ಮಳೆ ಹಿಡಿಯಿರಿ

ಲೆಕ್ಕ ಸುಲಭ. 1 ಚದರ ಮೀಟರ್ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್. 100 ಚದರ ಮೀಟರ್ ತಾರಸಿಗೆ 10 ಮಿಲಿಮೀಟರ್ ಮಳೆ ಸುರಿದರೆ 1000 ಲೀಟರ್. ಹೀರುವಿಕೆ, ಚೆಲ್ಲುವಿಕೆ ಕಳೆದು 800 ಲೀಟರ್ ಕೈಗೆ ಸಿಗುತ್ತದೆ ಎಂದುಕೊಳ್ಳಿ. ಮೊದಲ ಒಂದೆರಡು ಮಿಲಿಮೀಟರ್ ಮಳೆ ತಾರಸಿಯ ಕೊಳೆಯನ್ನೆಲ್ಲ ತೊಳೆದು ತರುತ್ತದೆ, ಅದನ್ನು ಹೊರಗೆ ಬಿಡುವ ವಾಲ್ವ್ ಇರಲಿ. ಡ್ರಮ್ಮಿಗೆ ಮುಚ್ಚಳ, ಬಾಯಿಗೆ ಸೊಳ್ಳೆ ಜಾಲರಿ. ಗಿಡ, ಬಟ್ಟೆ, ನೆಲ ಒರೆಸಲು ಈ ನೀರು ಧಾರಾಳ.

ತೋಟ, ಸೋಲಾರ್

ಹತ್ತು ಸೆಂಟಿಮೀಟರ್ ದಪ್ಪದ ಮಣ್ಣು ನೆನೆದಾಗ ಪ್ರತಿ ಚದರ ಮೀಟರಿಗೆ 150ರಿಂದ 200 ಕಿಲೋ ತೂಗುತ್ತದೆ. ಹೀಗಾಗಿ ತಾರಸಿ ತುಂಬ ಮಣ್ಣು ಹಾಸುವ ಮೊದಲು ಎಂಜಿನಿಯರ್ ಒಪ್ಪಿಗೆ ಬೇಕು. ಕುಂಡಗಳಿಗಾದರೆ ಕೆಳಗೆ ಗೋಡೆ, ತೊಲೆ ಇರುವ ಜಾಗ ಆರಿಸಿ. ತಳಕ್ಕೆ ಕಾಲು ಕೊಟ್ಟು ಎತ್ತರಿಸಿಡಿ, ಇಲ್ಲದಿದ್ದರೆ ಕೆಳಗೆ ಸದಾ ಒದ್ದೆ.

ಸೋಲಾರ್ ಫಲಕ ಕರೆಂಟ್ ಕೊಡುವುದರ ಜೊತೆಗೆ ತಾರಸಿಗೆ ನೆರಳನ್ನೂ ಕೊಡುತ್ತದೆ. ಅದನ್ನು ಕೂರಿಸಿದ ಮೇಲೆ ಕೆಳಗಿನ ಬಿರುಕು ಮುಚ್ಚಬೇಕೆಂದರೆ ಎಲ್ಲ ಬಿಚ್ಚಬೇಕು, ಅದಕ್ಕೇ ಇದು ಕೊನೆಗೆ. ಸ್ಟ್ಯಾಂಡಿಗೆ ತೂತು ಕೊರೆದರೆ ಪ್ರತಿ ತೂತಿಗೂ ಸೀಲಂಟ್ ತುಂಬಿಸಿ. ಕೊರೆಯದೆ ಕಾಂಕ್ರೀಟ್ ದಿಮ್ಮಿಗಳ ಭಾರದಲ್ಲೇ ನಿಲ್ಲುವ ಸ್ಟ್ಯಾಂಡ್ ಸಹ ಇದೆ. ಗಾಳಿ ರಭಸವಾಗಿರುವ ಕಡೆ ಅದಕ್ಕೆ ಹೆಚ್ಚು ದಿಮ್ಮಿ ಬೇಕಾಗುತ್ತದೆ, ಆ ತೂಕವನ್ನೂ ಎಂಜಿನಿಯರ್ ಹತ್ತಿರ ಲೆಕ್ಕ ಹಾಕಿಸಿಕೊಳ್ಳಿ.